ವಾದ್ಯಾಭ್ಯಾಸವೂ ಮಕ್ಕಳ ಶೀಲವೂ

ಕಳೆದ ತಿಂಗಳು ನಮ್ಮ ಊರಿನ ಒಂದು ಪ್ರೌಢಶಾಲೆಯ ಪಾಲಕರ ಸಭೆಗೆ ಹೋಗುವ ಪ್ರಸಂಗವು ನನಗೆ ಒದಗಿತು. ಸಭೆಯ ಮುಂದಿದ್ದ ವಿಷಯಗಳಲ್ಲಿ ಕಟ್ಟಕಡೆಯದು ವಾದ್ಯಸಂಗೀತದ ತಾಸಿಗೆ ಸಂಬಂಧಿಸಿದ್ದು. ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ನಡೆಯುತ್ತಿದ್ದ ಆ ತಾಸನ್ನು ತೆಗೆದು ಗಣಿತದ ಪುನರಾವರ್ತನೆಗೆ ಕೊಡತಕ್ಕದ್ದೆಂಬ ಸೂಚನೆ ಬಂದಿತ್ತು. ಸೂಚನೆಯನ್ನು ತಂದ ಗೃಹಸ್ಥರು, “ತಬಲಾ ಬಾರಿಸಿ ನನ್ನ ಮಗ ಏನು ಗಳಿಸುವನು?” ಎಂದು ಕೇಳಿದರು. ಸಭೆ ನಕ್ಕಿತು. ಮುಖ್ಯಾಧ್ಯಾಪಕರು ಸಂಗೀತದ ಪಕ್ಷವನ್ನು ವಹಿಸಿ, ವಾದ್ಯ ಕಲಿತ ಮಕ್ಕಳ ಬುದ್ಧಿಯು ಚುರುಕಾಗುವುದೆಂದೂ ಅಂಥವರಿಗೆ ಗಣಿತದಲ್ಲಿಯೇ ಹೆಚ್ಚು ಅಂಕಗಳು ಬರುವುವೆಂದೂ ಪರದೇಶದ ಪಂಡಿತರು ಸಿದ್ಧಮಾಡಿ ತೋರಿಸಿರುವರೆಂದು ಉತ್ತರವಿತ್ತರು. ನಿರ್ಣಯವು ಮುಂದಿನ ಸಭೆಗೆ ಹೋಯಿತು. ನಾನಾದರೋ ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷಗಳಿಂದ ಮಾತನ್ನೇ ಮಾರಿ ಹೊಟ್ಟೆ ಹೊರೆಯುತ್ತಿರುವವನು ಮಾತಾಡಬೇಕಾದ ಹೊತ್ತಿನಲ್ಲಿ ಸುಮ್ಮನೆ ಕುಳಿತಿದ್ದುದಕ್ಕೆ ತೆರುತ್ತಿರುವ ದಂಡವೆಂದು ವಾಚಕರು ಈ ಲೇಖನವನ್ನು ತಿಳಿಯಬಹುದು.

ಅಂದು ಆ ಗೃಹಸ್ಥರ ಪ್ರಶ್ನೆಯೂ ತಪ್ಪಾಗಿತ್ತು, ಮುಖ್ಯಾಧ್ಯಾಪಕರ ಉತ್ತರವೂ ತಪ್ಪಾಗಿತ್ತು. ಪ್ರಶ್ನೆಗಿಂತ ಉತ್ತರವೇ ಹೆಚ್ಚು ಅಪಾಯಕರವಾದದ್ದೆಂದು ನನ್ನ ಅಭಿಪ್ರಾಯ. ಗಟ್ಟಿಯಾದ ದಾವೆಯನ್ನು ಕೈಯಲ್ಲಿಟ್ಟುಕೊಂಡು ಹುರುಳಿಲ್ಲದ ಕಾಗದವೊಂದನ್ನು ನ್ಯಾಯಾಧೀಶರ ಮುಂದೆ ಹಿಡಿದ ವಕೀಲನು, ಆ ಕಾಗದವು ಬಿದ್ದುಹೋದಾಗ ದಾವೆಯನ್ನೂ ಕಳೆದುಕೊಳ್ಳುವನು. ಆದದ್ದರಿಂದ ಮೊದಲು ಆ ಕಾಗದವನ್ನೇ ಪರೀಕ್ಷಿಸೋಣ.

ಸಂಗೀತದಿಂದ ಬುದ್ಧಿ ಬೆಳೆಯುವುದೆಂಬ ಕೂಗಿಗೆ ಬಲ ಬಂದದ್ದು ೧೯೯೩ರಲ್ಲಿ. ಅಮೇರಿಕೆಯ ೩೬ ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಮೊಝಾರ್ಟನ ಕೃತಿಯೊಂದನ್ನು ಹತ್ತು ನಿಮಿಷ ಕೇಳಿಸಿದಾಗ, ಆಕೃತಿಗಳನ್ನು ಮನಸ್ಸಿನಲ್ಲಿ ಮಡಿಚಿ ಬಿಡಿಸುವ ಒಂದು ಬಗೆಯ ಲೆಕ್ಕವನ್ನು ಅವರು ಸ್ವಲ್ಪ ಹೊತ್ತಿನ ಮಟ್ಟಿಗೆ ಚೆನ್ನಾಗಿ ಮಾಡಿದರು. ಅಷ್ಟೇ. ಅವರು ಮಕ್ಕಳಲ್ಲ, ವಾದ್ಯ ಕಲಿತವರೂ ಅಲ್ಲ. ಆದರೂ ೧೯೯೮ರಲ್ಲಿ ಜಾರ್ಜಿಯಾ ಸಂಸ್ಥಾನದ ಗವರ್ನರರು, ತಮ್ಮಲ್ಲಿ ಹುಟ್ಟುವ ಪ್ರತಿಯೊಂದು ಕೂಸಿನ ಮನೆಗೂ ಸಂಗೀತದ ತಟ್ಟೆಯೊಂದನ್ನು ಸರಕಾರದ ವೆಚ್ಚದಿಂದ ಕಳಿಸಬೇಕೆಂದು ಸೂಚಿಸುವವರೆಗೆ ಮಾತು ಬೆಳೆಯಿತು! ತೊಟ್ಟಿಲಿನಲ್ಲಿದ್ದಾಗಲೇ ಜಾಣತನವನ್ನು ತುಂಬಿಬಿಡುವ ಆತುರವು ನಮ್ಮ ಪಾಲಕರದೊಂದೇ ಅಲ್ಲವೆಂಬ ಸಮಾಧಾನವನ್ನಾದರೂ ಇದರಿಂದ ನಾವು ಪಡೆಯಬಹುದು.

ಅದಕ್ಕಿಂತ ಮಿಗಿಲಾದ ಸಾಕ್ಷ್ಯವೂ ಉಂಟು. ೨೦೦೪ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶೆಲೆನ್‌ಬರ್ಗ್ ಎಂಬ ಪಂಡಿತರು ಟೊರಾಂಟೊ ನಗರದ ಆರು ವರ್ಷದ ೧೪೪ ಮಕ್ಕಳನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಕೀಬೋರ್ಡು, ಒಂದಕ್ಕೆ ಹಾಡುಗಾರಿಕೆ, ಒಂದಕ್ಕೆ ನಾಟಕ. ನಾಲ್ಕನೆಯದಕ್ಕೆ ಏನೂ ಇಲ್ಲ. ೩೬ ವಾರಗಳ ಪಾಠವಾದ ತರುವಾಯ ಬುದ್ಧಿಪರೀಕ್ಷೆಯಲ್ಲಿ ಸಂಗೀತದ ಮಕ್ಕಳು ಸುಮಾರು ೭ ಅಂಕ ಮೇಲೇರಿದ್ದರು. ಉಳಿದವರೂ ೪ಕ್ಕಿಂತ ಹೆಚ್ಚೇ ಏರಿದ್ದರು. ವ್ಯತ್ಯಾಸವಿರುವುದು ನಿಜ, ಆದರೆ ಅದು ಮೂರಂಕದ ಒಳಗಿನದು. ಇದೇ ಪ್ರಯೋಗದಲ್ಲಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದ ಇನ್ನೊಂದು ಸಂಗತಿಯಿದ್ದು, ಅದನ್ನು ಸಂಗೀತಪ್ರಿಯರು ಯಾರೂ ಹೇಳುವುದಿಲ್ಲ: ಇತರರೊಡನೆ ನಡೆದುಕೊಳ್ಳುವ ರೀತಿಯಲ್ಲಿ ಸುಧಾರಣೆ ಕಂಡದ್ದು ನಾಟಕದ ಮಕ್ಕಳಲ್ಲಿ, ಸಂಗೀತದ ಮಕ್ಕಳಲ್ಲಿ ಅಲ್ಲ. ಮುಂದೆ ೨೦೨೦ರಲ್ಲಿ ಸಾಲಾ ಮತ್ತು ಗೋಬೆ ಎಂಬಿಬ್ಬರು, ಸುಮಾರು ೭,೦೦೦ ಮಕ್ಕಳನ್ನು ಒಳಗೊಂಡ ೫೪ ಪ್ರಯೋಗಗಳನ್ನು ಕೂಡಿಸಿ ತೂಗಿ ನೋಡಿ, ವಾದ್ಯ ಕಲಿಯುವುದರಿಂದ ಬುದ್ಧಿಯಾಗಲಿ ಶಾಲೆಯ ಅಂಕಗಳಾಗಲಿ ಹೆಚ್ಚುವುವೆಂದು ಹೇಳಲು ಆಧಾರವಿಲ್ಲವೆಂದು ತೀರ್ಪಿತ್ತರು. ಆದ ಕಾರಣ ನಮ್ಮ ಮುಖ್ಯಾಧ್ಯಾಪಕರ ಕಾಗದವು ಬಿದ್ದುಹೋಯಿತೆಂದೇ ತಿಳಿಯತಕ್ಕದ್ದು. ಗಣಿತ ಬರಬೇಕಾದರೆ ಗಣಿತವನ್ನೇ ಕಲಿಯಬೇಕು. ಗಣಿತಕ್ಕಾಗಿ ಸಿತಾರ ಬಾರಿಸೆಂದರೆ ಗಣಿತಕ್ಕೂ ಅನ್ಯಾಯ, ಸಿತಾರಕ್ಕೂ ಅನ್ಯಾಯ.

ಹಾಗಾದರೆ ಉಳಿದದ್ದೇನು? ಶೀಲದ ಮಾತು ಉಳಿಯಿತು. ಇಲ್ಲಿಯೂ ಉತ್ಸಾಹದಿಂದ ಮುನ್ನುಗ್ಗಲು ಬರುವಂತಿಲ್ಲ. ವಾದ್ಯ ಬಾರಿಸುವವರೆಲ್ಲರೂ ಸಜ್ಜನರೆಂದು ಯಾರಾದರೂ ಹೇಳಿದರೆ, ಸಂಗೀತಗಾರರ ಮತ್ಸರವನ್ನೂ ಮುಂಗೋಪವನ್ನೂ ಬಲ್ಲ ನಮ್ಮ ಧಾರವಾಡದ ಜನರು ನಗುವರು. ವಾದ್ಯವು ಒಂದೇ ಒಂದು ಗುಣವನ್ನು ಕಲಿಸಬಲ್ಲುದೆಂದು ನಾನು ನಂಬಿರುವೆನು. ಅದು ಚಿಕ್ಕ ಗುಣವೇನೂ ಅಲ್ಲ, ಮತ್ತು ಅದನ್ನು ಕಲಿಸುವ ಸ್ಥಳಗಳು ಬೇರೆ ಬಹಳ ಇಲ್ಲ.

ನನ್ನ ವೃತ್ತಿಯಲ್ಲಿ ನಾನು ಕಂಡದ್ದನ್ನು ಹೇಳುವೆನು. ಮೊಳದಗಲದ ಬದುವಿಗಾಗಿ ಅಣ್ಣತಮ್ಮಂದಿರು ಕೆಳಗಿನ ಕೋರ್ಟಿನಿಂದ ಮೇಲಿನ ಕೋರ್ಟಿಗೆ, ಅಲ್ಲಿಂದ ಇನ್ನೂ ಮೇಲಿನದಕ್ಕೆ ಹತ್ತಿ, ಹೊಲದ ಬೆಲೆಗಿಂತ ಹೆಚ್ಚನ್ನು ವಕೀಲರಿಗೆ ತೆತ್ತದ್ದನ್ನು ನಾನು ನೋಡಿದ್ದೇನೆ. ನಾಚಿಕೆಯಿಂದಲೇ ಹೇಳುವೆನು, ಅದರಲ್ಲಿ ನನ್ನ ಪಾಲೂ ಉಂಟು. ಆ ಇಬ್ಬರಲ್ಲಿ ಒಬ್ಬನಿಗೆ ತಾನು ಕಲ್ಲು ಸರಿಸಿದ್ದು ಗೊತ್ತು. ಎರಡನೆಯವನಿಗೆ ತಾನು ಸಿಟ್ಟಿನಲ್ಲಿ ಆಡಬಾರದ್ದನ್ನು ಆಡಿದ್ದು ಗೊತ್ತು. ‘ನನ್ನಿಂದ ತಪ್ಪಾಯಿತು’ ಎಂಬ ಎರಡು ಶಬ್ದಗಳು ಇಬ್ಬರ ನಾಲಿಗೆಯ ಮೇಲೂ ಬರಲಾರವು. ಇವರು ದುಷ್ಟರಲ್ಲ. ತಮ್ಮ ತಪ್ಪನ್ನು ತಾವೇ ಕೇಳಿಕೊಳ್ಳುವ ಕಿವಿಯು ಇವರಿಗೆ ಬೆಳೆಯಲಿಲ್ಲ. ಮನೆಯಲ್ಲಿ ತಾಯಿ, ಶಾಲೆಯಲ್ಲಿ ಮಾಸ್ತರು, ಕೊನೆಗೆ ನ್ಯಾಯಾಧೀಶರು, ಹೀಗೆ ಯಾವಾಗಲೂ ಇನ್ನೊಬ್ಬರೇ ಇವರಿಗೆ ತಪ್ಪನ್ನು ಹೇಳುತ್ತ ಬಂದರು. ಇನ್ನೊಬ್ಬರು ಹೇಳಿದ ತಪ್ಪನ್ನು ಅಲ್ಲಗಳೆಯುವುದು ಮನುಷ್ಯ ಸ್ವಭಾವ.

ಇನ್ನು ವಾದ್ಯದ ಕಡೆಗೆ ನೋಡಿರಿ. ಸಿತಾರದ ಮೆಟ್ಟುಗಳು ವೀಣೆಯವುಗಳಂತೆ ಮೇಣದಲ್ಲಿ ಊರಿದವುಗಳಲ್ಲ. ದಂಡಿಗೆಗೆ ದಾರದಿಂದ ಕಟ್ಟಿದವು, ರಾಗಕ್ಕೆ ತಕ್ಕಂತೆ ಮೇಲಕ್ಕೂ ಕೆಳಕ್ಕೂ ಸರಿಸತಕ್ಕವು. ಎಳ್ಳಷ್ಟು ಸರಿದಿದ್ದರೆ ಸ್ವರ ಇಳಿಯುವುದು ಇಲ್ಲವೆ ಏರುವುದು. ಮೆಟ್ಟು ಸರಿಯಾಗಿದ್ದರೂ ಸಾಲದು. ಮೀಂಡು ತೆಗೆಯುವಾಗ ಬೆರಳು ತಂತಿಯನ್ನು ಅಡ್ಡಕ್ಕೆ ಜಗ್ಗಿ, ಒಂದೇ ಮೆಟ್ಟಿನ ಮೇಲೆ ಮುಂದಿನ ಸ್ವರಗಳನ್ನು ಹುಡುಕಿಕೊಳ್ಳಬೇಕು. ಅಲ್ಲಿ ನಿಲ್ಲಬೇಕಾದ ಸ್ಥಳಕ್ಕೆ ಗುರುತೂ ಇಲ್ಲ, ಗೆರೆಯೂ ಇಲ್ಲ. ಪಿಟೀಲಿಗಂತೂ ಮೆಟ್ಟುಗಳೇ ಇಲ್ಲ. ಕೊಳಲಿನಲ್ಲಿ ತುಟಿಯ ಕೋನ ಕೂದಲೆಳೆಯಷ್ಟು ತಪ್ಪಿದರೆ ಸ್ವರಕ್ಕೆ ಬದಲಾಗಿ ಬರಿಯ ಗಾಳಿ ಹೊರಡುವುದು. ಈ ವಾದ್ಯಗಳ ಮುಂದೆ ಕುಳಿತ ಮಗುವಿಗೆ ತಪ್ಪನ್ನು ಹೇಳುವವರು ಯಾರೂ ಬೇಕಿಲ್ಲ. ತಪ್ಪು ಅದರ ಕೈಯಿಂದಲೇ ಹುಟ್ಟಿ ಅದರ ಕಿವಿಗೇ ಬರುವುದು. ತಂತಿಯೊಡನೆ ವಾದ ಹೂಡಲು ಬರುವುದಿಲ್ಲ. ಅದು ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವ ಸಾಕ್ಷಿಯಲ್ಲ. ಅದಕ್ಕೆ ಬೆದರಿಕೆಯಿಲ್ಲ, ದಾಕ್ಷಿಣ್ಯವಿಲ್ಲ. ಬೈಯುವುದೂ ಇಲ್ಲ. ತಪ್ಪನ್ನು ತೋರಿಸಿ, ಅದೇ ಕ್ಷಣದಲ್ಲಿ ತಿದ್ದಿಕೊಳ್ಳಲು ಎಡೆಗೊಟ್ಟು, ತಿದ್ದಿದೊಡನೆ ಇಂಪಾಗುವುದು. ಇಂಥ ಗುರುವು ಮನುಷ್ಯರಲ್ಲಿ ದೊರೆಯುವುದು ಕಷ್ಟ. ದಿನಕ್ಕೆ ಅರ್ಧ ತಾಸು, ವರ್ಷಗಟ್ಟಲೆ, ‘ತಪ್ಪಿತು, ಇನ್ನೊಮ್ಮೆ’ ಎಂದು ತನಗೆ ತಾನೇ ಹೇಳಿಕೊಂಡ ಮಗುವಿಗೆ, ತಪ್ಪುವುದೆಂದರೆ ಅವಮಾನವಲ್ಲ, ಕೆಲಸದ ಒಂದು ಭಾಗವೆಂಬುದು ಉಪದೇಶವಿಲ್ಲದೆ ಕೈಗೆ ಹತ್ತುವುದು.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿದವರಿಗೆ ನಾನು ಹೇಳುವುದು ಹೊಸದಾಗದು. ೧೮೯೨ರಲ್ಲಿ ಹುಟ್ಟಿ ೧೯೪೪ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಅವರ ಬಳಿಕ ೨೦೧೦ರವರೆಗೆ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಶೈಶವದಲ್ಲಿಯೇ ಕಣ್ಣು ಕಳೆದುಕೊಂಡವರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಮೊದಲಾಗಿ ಅನೇಕ ವಾದ್ಯಗಳು ಅವರಿಗೆ ವಶವಾಗಿದ್ದವು. ಕಣ್ಣಿಲ್ಲದ, ದಿಕ್ಕಿಲ್ಲದ, ಬಡವರ ಮಕ್ಕಳನ್ನು ಜಾತಿಯನ್ನು ಕೇಳದೆ ಕರೆದುಕೊಂಡು, ಅನ್ನವಿಕ್ಕಿ, ಕೈಗೊಂದು ವಾದ್ಯವನ್ನೋ ಕಂಠಕ್ಕೊಂದು ರಾಗವನ್ನೋ ಕೊಟ್ಟು ಕಳಿಸಿದ ಸಂಸ್ಥೆಯದು. ಮಕ್ಕಳ ಹೊಟ್ಟೆ ತುಂಬಿಸುವುದಕ್ಕಾಗಿ ನಾಟಕ ಮಂಡಳಿಯನ್ನು ಕಟ್ಟಿಕೊಂಡು ಊರೂರು ತಿರುಗಿದ ಕಷ್ಟವನ್ನು ಹಿರಿಯರು ಬಲ್ಲರು. ಅಲ್ಲಿ ಕಲಿತವರೆಲ್ಲರೂ ದೊಡ್ಡ ಕಲಾವಿದರಾಗಲಿಲ್ಲ, ಆಗಬೇಕೆಂದೂ ಅಲ್ಲ. ಬಹುಮಂದಿ ಸಂಗೀತ ಶಿಕ್ಷಕರಾಗಿ, ಕೀರ್ತನೆ ಪುರಾಣಗಳಿಗೆ ಸಾಥಿಗೆ ಕುಳಿತು, ತಮ್ಮ ಅನ್ನವನ್ನು ತಾವು ದುಡಿದು ಬದುಕಿದರು. ಬೇರೆಡೆ ಭಿಕ್ಷೆಯ ತಟ್ಟೆಯನ್ನೇ ಹಿಡಿಯಬೇಕಾಗಿದ್ದ ಕೈಗಳವು. ಕಣ್ಣಿಲ್ಲದ ಮಗುವಿಗೆ ಲೋಕವೆಲ್ಲ ‘ಅಯ್ಯೋ’ ಎನ್ನುವುದು. ತಬಲವೊಂದು ಮಾತ್ರ ಹಾಗೆನ್ನುವುದಿಲ್ಲ. ಪೆಟ್ಟು ಸರಿಯಾಗಿ ಬಿದ್ದರೆ ನಾದ, ಇಲ್ಲವಾದರೆ ಇಲ್ಲ. ಕನಿಕರವಿಲ್ಲದ ಆ ನ್ಯಾಯವೇ ಅವರಿಗೆ ಸ್ವಾಭಿಮಾನವನ್ನು ಕೊಟ್ಟಿತೆಂದು ನನಗೆ ತೋರುವುದು.

ಈಗಿನ ಮಧ್ಯಪ್ರದೇಶದ ಮೈಹರಿನಲ್ಲಿಯೂ ಇಂಥದೊಂದು ನಡೆಯಿತು. ೧೯೧೮ರ ಸಾಂಕ್ರಾಮಿಕದ ಕಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಉಸ್ತಾದ ಅಲ್ಲಾವುದ್ದೀನ ಖಾನರು ಕೂಡಿಸಿ ಒಂದು ವಾದ್ಯವೃಂದವನ್ನು ಕಟ್ಟಿದರು. ಆ ಮೈಹರ್ ಬ್ಯಾಂಡಿಗಾಗಿ ಬಂದೂಕಿನ ನಳಿಗೆಗಳಿಂದಲೇ ನಲತರಂಗವೆಂಬ ವಾದ್ಯವನ್ನು ಅವರು ನಿರ್ಮಿಸಿದ್ದು ಪ್ರಸಿದ್ಧವಾಗಿದೆ. ಆದರೆ ಇದೇ ಮಹಾನುಭಾವರ ಇನ್ನೊಂದು ಮುಖವನ್ನು ಮರೆಸಿ ಹೇಳುವುದು ನ್ಯಾಯವಲ್ಲ. ತಮ್ಮ ಮಗ ಆಲಿ ಅಕಬರರನ್ನು ಅಭ್ಯಾಸಕ್ಕಾಗಿ ಮರಕ್ಕೆ ಕಟ್ಟಿ ಶಿಕ್ಷಿಸಿದರೆಂದು ಅವರ ಶಿಷ್ಯ ರವಿಶಂಕರರೇ ಬರೆದಿರುವರು. ಆ ಮಗ ಲೋಕೋತ್ತರ ಸರೋದವಾದಕರಾದರು, ಸರಿ. ಆದರೆ ಹೊಡೆತದಿಂದ ನಾದ ಹುಟ್ಟಿತೆಂದು ಇದರಿಂದ ತರ್ಕಿಸುವವರು, ಹೊಡೆತ ತಾಳಲಾರದೆ ವಾದ್ಯವನ್ನೇ ಬಿಟ್ಟುಹೋದ ಸಾವಿರಾರು ಮಕ್ಕಳ ಲೆಕ್ಕವನ್ನೂ ಕೊಡಬೇಕಾಗುವುದು. ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಅದೇ ಆಲಿ ಅಕಬರರ ಬಳಿಗೆ ನಮ್ಮ ರಾಜೀವ ತಾರಾನಾಥರು ಹೋದದ್ದು ಯಾರೂ ಕಟ್ಟಿ ಒಯ್ದುದರಿಂದಲ್ಲ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ ವೃತ್ತಿಯನ್ನು ತಾವಾಗಿ ಬದಿಗಿಟ್ಟು ಹೋದರು. ೨೦೨೪ರಲ್ಲಿ ತೀರಿಕೊಳ್ಳುವವರೆಗೂ ಸರೋದವನ್ನು ಕೆಳಗಿಡಲಿಲ್ಲ.

ಭಯದಿಂದ ಕಲಿಸಿದಲ್ಲಿ ನಾನು ಹೇಳಿದ ಗುಣವು ಹುಟ್ಟುವುದೇ ಇಲ್ಲ. ಪೆಟ್ಟಿಗೆ ಅಂಜಿದ ಮಗುವು ತಂತಿಯನ್ನು ಕೇಳುವುದಿಲ್ಲ, ಗುರುವಿನ ಮುಖವನ್ನು ನೋಡುತ್ತ ಕೂಡ್ರುವುದು. ವೆನೆಝುವೆಲಾ ದೇಶದಲ್ಲಿ ೧೯೭೫ರಲ್ಲಿ ಅಬ್ರೆಉ ಎಂಬ ಅರ್ಥಶಾಸ್ತ್ರಜ್ಞರು ಹನ್ನೊಂದು ಮಂದಿಯಿಂದ ಆರಂಭಿಸಿದ ವಾದ್ಯವೃಂದದ ಶಾಲೆಗಳು ಬಡಮಕ್ಕಳ ಉದ್ಧಾರಕ್ಕೆಂದು ಜಗದ್ವಿಖ್ಯಾತವಾದವು. ೨,೯೧೪ ಮಕ್ಕಳ ಮೇಲೆ ಅಲ್ಲಿ ನಡೆಸಿದ ಪರೀಕ್ಷೆಯೊಂದು ೨೦೧೭ರಲ್ಲಿ ಪ್ರಕಟವಾಯಿತು. ಅಳೆದ ಇಪ್ಪತ್ತಾರು ಸಂಗತಿಗಳಲ್ಲಿ ಎರಡರಲ್ಲಿ ಮಾತ್ರ ಒಂದು ವರ್ಷದೊಳಗೆ ಗುಣ ಕಂಡಿತು: ಆತ್ಮಸಂಯಮದಲ್ಲಿ, ಮತ್ತು ನಡತೆಯ ತೊಡಕುಗಳು ಕಡಿಮೆಯಾದುದರಲ್ಲಿ. ಗುಣವು ಸಣ್ಣದೇ, ಆದರೂ ವಾದ್ಯವು ಬುದ್ಧಿಯನ್ನಲ್ಲ, ಸಂಯಮವನ್ನು ಮುಟ್ಟುವುದೆಂಬ ನನ್ನ ವಾದಕ್ಕೆ ಇದೊಂದು ಆಧಾರ. ಎದುರು ಪಕ್ಷದ ಸಾಕ್ಷಿಯನ್ನೂ ಕರೆಯಬೇಕಲ್ಲ! ೨೦೧೪ರಲ್ಲಿ ಬೇಕರ್ ಎಂಬ ಆಂಗ್ಲ ವಿದ್ವಾಂಸರು ಇದೇ ಸಂಸ್ಥೆಯನ್ನು ಕುರಿತು ಗ್ರಂಥ ಬರೆದು, ಅಲ್ಲಿ ನಡೆದಿರುವುದು ಶೀಲಸಂವರ್ಧನವಲ್ಲ, ಪ್ರಶ್ನೆ ಕೇಳದೆ ತಲೆಬಾಗುವ ಅಭ್ಯಾಸವೆಂದು ಆಕ್ಷೇಪಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯವಿರಬಹುದು. ವಾದ್ಯದ ಮುಂದೆ ತಲೆಬಾಗುವುದು ಬೇರೆ, ಕೋಲು ಹಿಡಿದವನ ಮುಂದೆ ತಲೆಬಾಗುವುದು ಬೇರೆ; ಹೊರಗಿನಿಂದ ನೋಡಿದವರಿಗೆ ಎರಡೂ ‘ಶಿಸ್ತು’ ಎಂದೇ ಕಾಣುವುದು.

ಇಲ್ಲಿಯವರೆಗೆ ಇತರರ ದೋಷಗಳನ್ನು ಹೇಳಿದ್ದಾಯಿತು. ಇನ್ನು ನನ್ನದನ್ನು ಹೇಳಬೇಕು.

ನನ್ನ ಮಗಳಿಗೆ ಎಂಟನೆಯ ವಯಸ್ಸಿನಲ್ಲಿ ಸಿತಾರ ಹಚ್ಚಿದೆವು. ಧಾರವಾಡದಲ್ಲಿ ಇದು ಅಪರೂಪದ ಮಾತಲ್ಲ. ರಹಿಮತ್ ಖಾನರು ಬಂದು ನೆಲೆಸಿದಂದಿನಿಂದ ಸಿತಾರದ ಧ್ವನಿ ಈ ಊರಿಗೆ ಮನೆಯ ಮಾತಾಗಿದೆ. ಕಲಿಸುತ್ತಿದ್ದವರು ವೃದ್ಧರು, ಮಿತಭಾಷಿಗಳು. ಮೊದಲ ಆರು ತಿಂಗಳು ಅವವೇ ನಾಲ್ಕು ಪಲಟಾಗಳು. ತೋರುಬೆರಳಿಗೆ ಮಿಜರಾಬಿನ ತಂತಿ ಕಚ್ಚಿ ಕೆಂಪಾಗುವುದು, ಎಡಗೈಯ ಬೆರಳ ತುದಿಗಳಲ್ಲಿ ಗೆರೆ ಬಿದ್ದು, ಆಮೇಲೆ ಗಡುಸಾಗುವುದು. ನಾನು ಕೋರ್ಟಿನ ಕಾಗದಗಳನ್ನು ಓದುತ್ತ ಪಕ್ಕದ ಕೋಣೆಯಲ್ಲಿರುತ್ತಿದ್ದೆ. ಒಂದು ಸಂಜೆ ಸಿತಾರ ನಡುವೆಯೇ ನಿಂತಿತು. ಕೂಸು ಬಾಗಿಲಿಗೆ ಬಂದು, “ಅಪ್ಪಾ, ಈ ನಿಷಾದ ಇಳದದ. ನಾ ತಪ್ಪೇ ಬಾರಿಸ್ಲಿಕ್ಕತ್ತೇನಿ” ಎಂದಿತು. ನನಗೆ ಏನೂ ಇಳಿದಂತೆ ಕೇಳಿಸಿರಲಿಲ್ಲ. ಯಾರೂ ಕೇಳದೆ, ಯಾರೂ ಹಿಡಿಯದೆ, ತಾನಾಗಿಯೇ ತನ್ನ ತಪ್ಪನ್ನು ಹೇಳಿಕೊಂಡ ಮನುಷ್ಯ ಪ್ರಾಣಿಯನ್ನು ನಾನು ಕೋರ್ಟಿನಲ್ಲಿ ಅಂದಿನವರೆಗೆ ಕಂಡಿರಲಿಲ್ಲ. ಅತಿಶಯೋಕ್ತಿ ಬೇಡ: ಅದೇ ವಾರದಲ್ಲಿ ಅವಳು ಹರಿದ ಪುಸ್ತಕವೊಂದನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದಳು. ಸಿತಾರದಲ್ಲಿ ಕಲಿತದ್ದು ಒಂದೇ ದಿನದಲ್ಲಿ ಇಡಿಯ ಬಾಳಿಗೆ ಹರಡುವುದಿಲ್ಲ. ಆದರೂ ಬೀಜ ಕಂಡಿತ್ತು.

ಆ ಬೀಜವನ್ನು ತುಳಿದವನು ನಾನು. ಎರಡು ವರ್ಷಗಳಾಗುತ್ತಲೇ, ಇಷ್ಟು ಕಲಿತದ್ದಕ್ಕೆ ಪ್ರಮಾಣಪತ್ರವೊಂದು ಬೇಡವೆ ಎಂಬ ವಿಚಾರವು ನನ್ನ ತಲೆಯನ್ನು ಹೊಕ್ಕಿತು. ಕಾಗದವಿಲ್ಲದ ಹಕ್ಕನ್ನು ನಂಬದ ವೃತ್ತಿ ನನ್ನದು. ಗುರುಗಳು, “ವಕೀಲ್ರ, ಕೂಸಿಗೆ ಅವಸರ ಮಾಡಬ್ಯಾಡ್ರಿ” ಎಂದರು. ನಾನು ಕೇಳಲಿಲ್ಲ. ಒಂದೇ ವರ್ಷದಲ್ಲಿ ಎರಡು ಪರೀಕ್ಷೆಗಳಿಗೆ ಕೂಡ್ರಿಸಬೇಕೆಂದು ಹಟ ಹಿಡಿದೆ. ಅಂದಿನಿಂದ ಮನೆಯಲ್ಲಿ ರಾಗಗಳು ಹೋಗಿ ‘ಪಠ್ಯಕ್ರಮ’ ಬಂದಿತು. ಗುರುಗಳು ಹೊಸ ಗತ್ತೊಂದನ್ನು ಹೇಳಿಕೊಡಹೋದರೆ, “ಇದು ಪರೀಕ್ಷೆಗೆ ಬರ್ತದೇನ್ರಿ?” ಎಂದು ಕೂಸು ಕೇಳತೊಡಗಿತು. ನಿಷಾದ ಇಳಿದದ್ದನ್ನು ಹೇಳಲು ಅವಳು ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ. ಪರೀಕ್ಷಕರು ಹಿಡಿಯದಿದ್ದರೆ ಸಾಕಾಗಿತ್ತು. ತಂತಿಯ ಸ್ಥಾನದಲ್ಲಿ ಪರೀಕ್ಷಕರನ್ನು ತಂದು ಕೂಡ್ರಿಸಿದವನು ನಾನೇ. ಎರಡೂ ಪರೀಕ್ಷೆಗಳಲ್ಲಿ ಮೊದಲನೆಯ ವರ್ಗ ದೊರೆಯಿತು. ನಾನು ಪೇಢೆ ಹಂಚಿದೆ. ಮರುದಿನ ಸಿತಾರಕ್ಕೆ ಗವಸು ಬಿದ್ದಿತು, ವಾರವಾದರೂ ತೆಗೆಯಲಿಲ್ಲ. ಯಾಕೆಂದು ಕೇಳಿದರೆ, “ಪಾಸಾತಲ್ಲಪ್ಪಾ, ಇನ್ಯಾಕ?” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ನಾನು ಕಲಿಸಿದ ಪಾಠವನ್ನು ನನಗೆ ಸರಿಯಾಗಿ ಒಪ್ಪಿಸಿದ್ದಳು.

ಎರಡು ಸಾವಿರ ಮುನ್ನೂರು ವರ್ಷಗಳಿಗೂ ಹಿಂದೆ ಅರಿಸ್ಟಾಟಲನು ತನ್ನ ರಾಜನೀತಿಯ ಎಂಟನೆಯ ಭಾಗದಲ್ಲಿ ಈ ಕೇಡನ್ನೇ ಎತ್ತಿ ತೋರಿಸಿರುವನು. ಮಕ್ಕಳು ತಾವೇ ವಾದ್ಯ ಬಾರಿಸಲು ಕಲಿಯಬೇಕು, ಏಕೆಂದರೆ ಒಂದು ಕೆಲಸವನ್ನು ಸ್ವತಃ ಮಾಡದವನು ಅದರ ಒಳ್ಳೆಯ ವಿಮರ್ಶಕನಾಗುವುದು ಕಷ್ಟ. ಆದರೆ ಪಂದ್ಯಗಳಿಗಾಗಿ, ನೆರೆದವರನ್ನು ಬೆರಗುಗೊಳಿಸುವ ಕಸರತ್ತಿಗಾಗಿ ಕಲಿಯಬಾರದು. ಹಾಗೆ ಕಲಿತವನು ತನ್ನ ಏಳಿಗೆಗಾಗಿ ಅಲ್ಲ, ಕೇಳುವವರ ಚಪಲಕ್ಕಾಗಿ ಬಾರಿಸುವನು, ಎಂದು ಅವನ ಅಭಿಪ್ರಾಯ. ಇಂದು ನಮ್ಮ ಮಕ್ಕಳು ಮೂರು ತಿಂಗಳು ಕಲಿತೊಡನೆ ಅವರ ವಾದನವನ್ನು ಮೊಬೈಲಿನಲ್ಲಿ ಹಿಡಿದು ಬಂಧುಬಳಗಕ್ಕೆಲ್ಲ ಕಳಿಸಿ, ಮೆಚ್ಚಿದವರ ಸಂಖ್ಯೆಯನ್ನು ಎಣಿಸುವ ನಾವು ಆ ಗ್ರೀಕನಿಗೆ ಏನು ಉತ್ತರ ಹೇಳೋಣ? ಪರೀಕ್ಷೆಗಳನ್ನೇ ರದ್ದುಮಾಡಿರೆಂದು ನಾನು ಹೇಳುತ್ತಿಲ್ಲ. ಇದನ್ನೇ ವೃತ್ತಿಯಾಗಿ ಹಿಡಿಯುವವರಿಗೆ ಅವು ಬೇಕು. ಆದರೆ ನೂರರಲ್ಲಿ ತೊಂಬತ್ತೈದು ಮಕ್ಕಳು ವೃತ್ತಿಗಾಗಿ ಕಲಿಯುವವರಲ್ಲ. ಅವರನ್ನೂ ಅದೇ ಗಾಣಕ್ಕೆ ಕಟ್ಟುವುದೇಕೆ?

ಜಪಾನದ ಶಿನಿಚಿ ಸುಝುಕಿಯವರ ಕ್ರಮವು ಈ ದೃಷ್ಟಿಯಿಂದ ವಿಚಾರಾರ್ಹವಾದುದು. ನಾಗೋಯಾದ ಪಿಟೀಲು ಕಾರಖಾನೆಯೊಂದರ ಒಡೆಯರ ಮಗನಾಗಿ ೧೮೯೮ರಲ್ಲಿ ಹುಟ್ಟಿದ ಇವರು, ಯುದ್ಧದಲ್ಲಿ ದೇಶವು ಬೂದಿಯಾದ ಮರುವರ್ಷ, ೧೯೪೬ರಲ್ಲಿ, ಮತ್ಸುಮೋತೊ ಎಂಬ ಊರಿನಲ್ಲಿ ಮಕ್ಕಳಿಗೆ ಪಿಟೀಲು ಕಲಿಸತೊಡಗಿದರು. ಸಂಗೀತಗಾರರನ್ನು ಉತ್ಪಾದಿಸುವುದು ತಮ್ಮ ಗುರಿಯಲ್ಲ, ಒಳ್ಳೆಯ ಮನುಷ್ಯರನ್ನು ಬೆಳೆಸುವುದೇ ಗುರಿಯೆಂದು ೧೯೯೮ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತ ಬಂದರು. ಜಪಾನದ ಮಕ್ಕಳೆಲ್ಲರೂ ತಮ್ಮ ಕಠಿಣವಾದ ಮಾತೃಭಾಷೆಯನ್ನು ಯಾರ ಪೆಟ್ಟೂ ಇಲ್ಲದೆ ಕಲಿಯುವರು. ಅದೇ ರೀತಿಯಲ್ಲಿ ಸಂಗೀತವನ್ನೇಕೆ ಕಲಿಯಬಾರದು? ಇದು ಅವರ ಪ್ರಶ್ನೆ. ಮಾತೃಭಾಷೆಯಲ್ಲಿಯೇ ಶಿಕ್ಷಣವಾಗಬೇಕೆನ್ನುವ ನಾವು ಈ ಪ್ರಶ್ನೆಯನ್ನು ಬೇಗನೆ ಅರ್ಥಮಾಡಿಕೊಳ್ಳಬಲ್ಲೆವು. ಅವರ ಕ್ರಮದಲ್ಲಿ ನನಗೆ ಅತ್ಯಂತ ಹಿಡಿಸಿದ್ದು, ಮಗುವಿಗಿಂತ ಮೊದಲು ತಾಯಿಗೋ ತಂದೆಗೋ ವಾದ್ಯವನ್ನು ಕೊಡುವುದು. ದೊಡ್ಡವರು ಎಡವುತ್ತ ಕಲಿಯುವುದನ್ನು ನೋಡಿ ನೋಡಿ ಮಗುವು ತಾನಾಗಿ, ‘ನನಗೂ ಕೊಡಿರಿ’ ಎನ್ನುವುದು. ಅಂದರೆ ಆ ಮಗುವಿಗೆ ಮೊದಲ ಪಾಠವು ಸ್ವರಸ್ಥಾನದ್ದಲ್ಲ. ತನ್ನ ತಂದೆಯೂ ತಪ್ಪುವನು, ತಪ್ಪಿದರೂ ನಾಚದೆ ಮತ್ತೆ ಬಾರಿಸುವನು ಎಂಬುದು.

ಇದನ್ನು ಓದಿದ ಮೇಲೆ, ನಲವತ್ತು ದಾಟಿದ ಈ ಬೆರಳುಗಳಿಗೆ ನಾನೇ ಮಿಜರಾಬು ತೊಟ್ಟುಕೊಂಡೆ. ತುಕ್ಕು ಹಿಡಿದಿದ್ದ ತಂತಿಗಳನ್ನು ಬದಲಿಸಿ, ಜವಾರಿಯನ್ನು ಸರಿಪಡಿಸಲು ಸಿತಾರವನ್ನು ಮಿರಜಿಗೆ ಕಳಿಸಿ ತರಿಸಿದ್ದಾಯಿತು. ಆ ವೃದ್ಧ ಗುರುಗಳು ಒಂದು ಮಾತೂ ಆಡದೆ ಅವೇ ನಾಲ್ಕು ಪಲಟಾಗಳನ್ನು ನನಗೂ ಕೊಟ್ಟರು. ಆರು ತಿಂಗಳಾದವು. ನನ್ನ ವಾದನವನ್ನು ಕುರಿತು ಹೇಳದಿರುವುದೇ ಲೇಸು, ನೆರೆಯವರು ಸಹನಶೀಲರು. ಮಗಳು ಮಾತ್ರ ತನ್ನ ಪುಸ್ತಕದಿಂದ ತಲೆಯೆತ್ತದೆ, “ಅಪ್ಪಾ, ತಪ್ಪು” ಎನ್ನುವಳು. ಕೋರ್ಟಿನಲ್ಲಿ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪನ್ನು ಒಪ್ಪಿಕೊಳ್ಳದ ನಾನು, “ಹೌದವಾ, ತಪ್ಪೇ” ಎಂದು ಪುನಃ ಆರಂಭಿಸುವೆನು. ಅವಳು ಇನ್ನೂ ಸಿತಾರವನ್ನು ಮುಟ್ಟಿಲ್ಲ. ನಾನು ಕೇಳಿಯೂ ಇಲ್ಲ.

ಈಗ ಶಾಲೆಯ ಮಾತಿಗೆ ಬರೋಣ. ಮನೆಯಲ್ಲಿ ಸಿತಾರವಿರುವ ವಕೀಲನ ಮಗಳಿಗೆ ಶಾಲೆಯ ತಾಸು ಹೋದರೂ ನಡೆದೀತು. ಆ ತಾಸು ಬೇಕಾಗಿರುವುದು, ತಬಲವನ್ನು ಕೊಳ್ಳಲಾರದವನ ಮಗನಿಗೆ. ೧೯೩೭ರಲ್ಲಿ ವರ್ಧಾದ ಶಿಕ್ಷಣ ಪರಿಷತ್ತಿನ ತರುವಾಯ ಝಾಕಿರ ಹುಸೇನರ ಸಮಿತಿಯು ಮೂಲಶಿಕ್ಷಣದ ಪಠ್ಯಕ್ರಮವನ್ನು ರೂಪಿಸಿದಾಗ, ಪ್ರತಿಯೊಂದು ಪೈಯನ್ನೂ ಎಣಿಸಬೇಕಾಗಿದ್ದ ಆ ಬಡತನದ ದಿನಗಳಲ್ಲಿಯೂ, ಚರಕ ಹಿಡಿಯುವ ಮಗುವಿಗೆ ಸಂಗೀತವೂ ಚಿತ್ರಕಲೆಯೂ ಇರತಕ್ಕದ್ದೆಂದು ಸೇರಿಸಿದ್ದರು. ನಾವು ಅವರಿಗಿಂತ ಬಡವರಾಗಿರುವೆವೇ?

ಆದ್ದರಿಂದ ಮುಂದಿನ ಸಭೆಯಲ್ಲಿ ನಾನು ಇಷ್ಟನ್ನು ಕೇಳುವವನಿದ್ದೇನೆ. ವಾರದ ಎರಡು ತಾಸುಗಳು ಇರಲಿ. ಅವಕ್ಕೆ ಅಂಕಗಳೂ ಬೇಡ, ಪ್ರಮಾಣಪತ್ರವೂ ಬೇಡ, ವಾರ್ಷಿಕೋತ್ಸವದ ಮುನ್ನ ಮಕ್ಕಳನ್ನು ಹಿಂಡುವ ತಾಲೀಮೂ ಬೇಡ. ಹತ್ತು ಜೋಡಿ ತಬಲ, ಹತ್ತು ಕೊಳಲು, ಮೂರೋ ನಾಲ್ಕೋ ಹಾರ್ಮೋನಿಯಂ ಶಾಲೆಯ ಸ್ವತ್ತಾಗಿರಲಿ. ಶನಿವಾರ ಮನೆಗೊಯ್ದು ಸೋಮವಾರ ತಂದಿಡುವ ಅನುಕೂಲವಿರಲಿ. ಚರ್ಮ ಹರಿದರೆ ಹರಿಯಲಿ, ದುರಸ್ತಿಗೆ ನಾವು ಪಾಲಕರು ವರ್ಗಣಿ ಹಾಕೋಣ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಲಿ. ಕಲಿಸುವುದಕ್ಕೆ ಗದುಗಿನ ಆಶ್ರಮದಲ್ಲಿ ಕಲಿತ ಶಿಕ್ಷಕರು ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ದೊರೆಯುವರು. ಅವರಿಗೆ ತಕ್ಕ ಸಂಬಳವನ್ನು ಕೊಟ್ಟರೆ ಸಾಕು. ಮುಖ್ಯಾಧ್ಯಾಪಕರು ಗಣಿತದ ಅಂಕಗಳ ಮಾತನ್ನು ದಯವಿಟ್ಟು ಬಿಟ್ಟುಬಿಡಲಿ.

ಸಭೆಯು ದೀಪಾವಳಿಯ ಸೂಟಿ ಮುಗಿದ ಮೊದಲನೆಯ ಶನಿವಾರ ಸಂಜೆ ಐದಕ್ಕೆ ಸೇರುವುದು. ತಬಲಾ ಬಾರಿಸಿ ಮಗ ಏನು ಗಳಿಸುವನೆಂದು ಕೇಳಿದ ಗೃಹಸ್ಥರೂ ಬರುವರೆಂದು ತಿಳಿದಿದ್ದೇನೆ. ಅವರ ಮಗ ಆ ತಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂಡ್ರುವನಂತೆ. ತಂದೆ ತನ್ನ ಕೈಯನ್ನು ಒಮ್ಮೆಯಾದರೂ ಕೇಳಬೇಕೆಂದು ಅವನಿಗೆ ಆಸೆಯಿದೆಯಂತೆ. ಸಭೆಗೆ ಅರ್ಧ ತಾಸು ಮೊದಲೇ ಬರಬೇಕೆಂದು ಅವರನ್ನು ನಾನು ಕೇಳಿಕೊಂಡಿರ���ವೆನು.